ಗುರುದೇವ ರಾನಡೆ

ಉತ್ತರದಲ್ಲಿ ಕೃಷ್ಣೆ, ದಕ್ಷಿಣದಲ್ಲಿ ಘಟಪ್ರಭೆ. ಈ ಎರಡು ನದಿಗಳ ನಡುವೆ ಹಬ್ಬಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನಾಡು ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಕಪ್ಪು ಮಣ್ಣಿನ ಹೊಲಗಳಲ್ಲಿ ಜೋಳ ಬೆಳೆದು, ಮಗ್ಗಗಳಲ್ಲಿ ಸೀರೆ ನೇಯ್ದು ಬಾಳುವ ಶ್ರಮಜೀವಿಗಳ ನಾಡಿದು. ಹತ್ತನೆಯ ಶತಮಾನದಲ್ಲಿ ಕವಿಚಕ್ರವರ್ತಿ ರನ್ನನು ಇಲ್ಲಿಯ ಮುಧೋಳದಲ್ಲಿ ಜನಿಸಿದನು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಸಾಧನೆಗೆ ನೆಲೆಯಾದ ಕೂಡಲಸಂಗಮವೂ ಇಲ್ಲಿಗೆ ಬಹುದೂರದಲ್ಲಿಲ್ಲ. ಈ ನಾಡಿನ ಜಮಖಂಡಿಯಲ್ಲಿ ಹುಟ್ಟಿ, ಉಪನಿಷತ್ತುಗಳ ವಿಚಾರವನ್ನೂ ಸಂತರ ಅನುಭವವನ್ನೂ ಜಗತ್ತಿನ ವಿದ್ವಾಂಸರ ಮುಂದೆ ತೆರೆದಿಟ್ಟ ತತ್ತ್ವಜ್ಞಾನಿ ರಾಮಚಂದ್ರ ದತ್ತಾತ್ರೇಯ ರಾನಡೆ. ಜನರು ಭಕ್ತಿಯಿಂದ ಅವರನ್ನು ಗುರುದೇವ ರಾನಡೆ ಎಂದು ಕರೆದರು.

ಮನುಷ್ಯನಿಗೆ ಹಸಿವು, ನಿದ್ರೆ, ಭಯ ಇವು ಇತರ ಪ್ರಾಣಿಗಳಿಗೆ ಇರುವಂತೆಯೇ ಇವೆ. ಆದರೆ ಅವನಿಗೆ ಮತ್ತೊಂದು ಹಸಿವೂ ಇದೆ. ನಾನು ಯಾರು? ಈ ಬಾಳಿಗೆ ಅರ್ಥವೇನು? ದುಃಖವು ಏಕೆ ಬರುತ್ತದೆ? ಸಾವಿನೊಡನೆ ಎಲ್ಲವೂ ಮುಗಿಯುವುದೆ? ಇಂಥ ಪ್ರಶ್ನೆಗಳು ಒಮ್ಮೆಯಾದರೂ ಪ್ರತಿಯೊಬ್ಬನ ಮನಸ್ಸನ್ನು ಕಲಕುತ್ತವೆ. ಹಲವರು ಹಿರಿಯರು ಹೇಳಿದ ಉತ್ತರವನ್ನು ಒಪ್ಪಿಕೊಂಡು ಸುಮ್ಮನಾಗುತ್ತಾರೆ. ಕೆಲವರು ಉತ್ತರವೇ ಇಲ್ಲವೆಂದು ಪ್ರಶ್ನೆಯನ್ನು ಬದಿಗಿಡುತ್ತಾರೆ. ಕೆಲವರು ಮಾತ್ರ ಆ ಪ್ರಶ್ನೆಯನ್ನು ಬಾಳಿನುದ್ದಕ್ಕೂ ಹೊತ್ತು ನಡೆಯುತ್ತಾರೆ. ರಾನಡೆಯವರು ಈ ಕೊನೆಯ ಗುಂಪಿಗೆ ಸೇರಿದವರು. ಅವರು ಬುದ್ಧಿಯಿಂದ ವಿಚಾರಿಸಿದುದನ್ನು ಅನುಭವದಿಂದ ಪರೀಕ್ಷಿಸಿದರು. ಅನುಭವದಿಂದ ಕಂಡುದನ್ನು ಬುದ್ಧಿಯ ಒರೆಗಲ್ಲಿಗೆ ಹಚ್ಚಿ ನೋಡಿದರು. ಅವರ ಜೀವನದ ಹಿರಿಮೆ ಇರುವುದು ಇಲ್ಲಿಯೇ.

ರಾನಡೆಯವರು 1886ನೆಯ ಇಸವಿ ಜುಲೈ 3ರಂದು ಜಮಖಂಡಿಯಲ್ಲಿ ಜನಿಸಿದರು. ತಂದೆ ದತ್ತಾತ್ರೇಯ, ತಾಯಿ ಪಾರ್ವತೀಬಾಯಿ. ಆಗ ಜಮಖಂಡಿಯು ಪಟವರ್ಧನ ಮನೆತನದವರು ಆಳುತ್ತಿದ್ದ ಒಂದು ಚಿಕ್ಕ ಸಂಸ್ಥಾನವಾಗಿತ್ತು. ಅರಮನೆ ಹಾಗೂ ಕಚೇರಿಗಳಲ್ಲಿ ಮರಾಠಿ ಭಾಷೆಯ ಬಳಕೆ ಹೆಚ್ಚು. ಸಂತೆಯಲ್ಲಿ, ಹೊಲಗಳಲ್ಲಿ, ಭಜನೆಯ ಕೂಟಗಳಲ್ಲಿ ಕನ್ನಡದ ಧ್ವನಿ. ಬಾಲಕ ರಾಮಚಂದ್ರನ ಮನೆಮಾತು ಮರಾಠಿ. ನೆಲದ ಮಾತು ಕನ್ನಡ. ಒಂದೇ ಭಾವವು ಎರಡು ಭಾಷೆಗಳಲ್ಲಿ ಹಾಡಾಗುವುದನ್ನು ಅವನು ಬಾಲ್ಯದಿಂದಲೇ ಕೇಳುತ್ತ ಬೆಳೆದನು. ತಾಯಿ ಪಾರ್ವತೀಬಾಯಿಯವರು ದೈವಭಕ್ತೆ. ಅವರ ಶ್ರದ್ಧೆಯ ಪ್ರಭಾವವು ಮಗನ ಮೇಲೆ ಆಳವಾಗಿ ಬಿದ್ದಿತು.

ರಾಮಚಂದ್ರನು ಜಮಖಂಡಿಯ ಪರಶುರಾಮಭಾವು ಪ್ರೌಢಶಾಲೆಯಲ್ಲಿ ಓದಿದನು. ಅವನು ಬುದ್ಧಿವಂತ, ಸಂಸ್ಕೃತದಲ್ಲಿ ವಿಶೇಷ ಆಸಕ್ತಿಯುಳ್ಳವನು. ಆ ದಿನಗಳಲ್ಲಿ ಉಮದಿಯ ಭಾವುಸಾಹೇಬ ಮಹಾರಾಜರೆಂಬ ಸಂತರು ಜಮಖಂಡಿಗೆ ಬರುತ್ತಿದ್ದರು. ಉಮದಿಯು ಇಂದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿರುವ, ಕನ್ನಡ ಮಾತನಾಡುವ ಜನರಿರುವ ಗ್ರಾಮ. 1901ರ ನವೆಂಬರಿನಲ್ಲಿ ರಾಮಚಂದ್ರನು ಅವರಿಂದ ನಾಮದೀಕ್ಷೆಯನ್ನು ಪಡೆದನು. ಆಗ ಅವನ ವಯಸ್ಸು ಹದಿನೈದು. ಹೆಚ್ಚು ಕಡಿಮೆ ನಿಮ್ಮದೇ ವಯಸ್ಸು.

ಮ್ಯಾಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಉತ್ತಮ ಯಶಸ್ಸು ದೊರೆಯಲಿ ಎಂಬ ಆಸೆಯಿಂದಲೇ ಆ ಬಾಲಕನು ದೀಕ್ಷೆ ಪಡೆದನೆಂದು ಹೇಳುವುದುಂಟು. 1902ರಲ್ಲಿ ಅವನು ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಸಂಸ್ಕೃತಕ್ಕೆಂದು ಮೀಸಲಾಗಿದ್ದ ಜಗನ್ನಾಥ ಶಂಕರಶೇಟ ವಿದ್ಯಾರ್ಥಿವೇತನಕ್ಕೆ ಪಾತ್ರನಾದನು. ದೀಕ್ಷೆಯ ಪ್ರಯೋಜನವು ಅಷ್ಟಕ್ಕೇ ಮುಗಿದಿದ್ದರೆ ಈ ಕಥೆಯಲ್ಲಿ ಹೇಳತಕ್ಕದ್ದು ಏನೂ ಇರುತ್ತಿರಲಿಲ್ಲ. ಚಿಕ್ಕ ಆಸೆಯಿಂದ ಹಿಡಿದ ಆ ದಾರಿಯು ಮುಂದೆ ಆ ಬಾಲಕನನ್ನು ಬಹುದೂರಕ್ಕೆ ಕರೆದೊಯ್ದಿತು.

ಭಾವುಸಾಹೇಬ ಮಹಾರಾಜರು ನಿಂಬರಗಿಯ ಮಹಾರಾಜರ ಶಿಷ್ಯಪರಂಪರೆಗೆ ಸೇರಿದವರು. ಅವರು ವಿಜಯಪುರ ಜಿಲ್ಲೆಯ ಇಂಚಗೇರಿಯಲ್ಲಿ ಮಠವನ್ನು ಕಟ್ಟಿದ್ದರಿಂದ ಆ ಪರಂಪರೆಗೆ ಇಂಚಗೇರಿ ಸಂಪ್ರದಾಯವೆಂಬ ಹೆಸರು ಬಂದಿತು. ಈ ಸಂಪ್ರದಾಯದಲ್ಲಿ ಮನೆಮಾರು ತೊರೆದು ಕಾಡಿಗೆ ಹೋಗಬೇಕೆಂಬ ನಿಯಮವಿರಲಿಲ್ಲ. ಒಕ್ಕಲಿಗನು ಒಕ್ಕಲುತನವನ್ನೂ ವ್ಯಾಪಾರಿಯು ವ್ಯಾಪಾರವನ್ನೂ ಮಾಡುತ್ತಲೇ ಸಾಧನೆ ಮಾಡಬಹುದಾಗಿತ್ತು. ನಿತ್ಯವೂ ಹೊತ್ತು ಗೊತ್ತುಪಡಿಸಿಕೊಂಡು ನಾಮಸ್ಮರಣೆ ಮಾಡುವುದು, ಸಮರ್ಥ ರಾಮದಾಸರ ದಾಸಬೋಧವನ್ನು ಓದುವುದು, ಭಜನೆಯಲ್ಲಿ ಕೂಡುವುದು ಇವೇ ಅದರ ಮುಖ್ಯ ಅಂಗಗಳು. ಭಾವುಸಾಹೇಬ ಮಹಾರಾಜರು 1914ರಲ್ಲಿ ದೇಹವಿಟ್ಟರು. ಅವರ ಶಿಷ್ಯರಲ್ಲಿ ಸಿದ್ಧರಾಮೇಶ್ವರ ಮಹಾರಾಜರೆಂಬುವರೂ ಒಬ್ಬರು. ಅವರ ಶಿಷ್ಯರಾದ ಮುಂಬಯಿಯ ನಿಸರ್ಗದತ್ತ ಮಹಾರಾಜರ ಸಂಭಾಷಣೆಗಳು 1973ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂದು ದೇಶವಿದೇಶಗಳ ಓದುಗರನ್ನು ತಲುಪಿದವು. ಗಡಿನಾಡಿನ ಹಳ್ಳಿಗಳಲ್ಲಿ ಮೂಡಿದ ಒಂದು ಚಿಂತನೆಯ ತೊರೆಯು ಎಷ್ಟು ದೂರ ಹರಿಯಿತೆಂಬುದಕ್ಕೆ ಇದು ನಿದರ್ಶನ.

ಮ್ಯಾಟ್ರಿಕ್ಯುಲೇಷನ್ ಆದ ಬಳಿಕ ರಾನಡೆಯವರು ಪುಣೆಯ ಡೆಕ್ಕನ್ ಕಾಲೇಜನ್ನು ಸೇರಿದರು. ಅಲ್ಲಿ ಅವರಿಗೆ ಬೇರೊಂದು ಲೋಕವೇ ತೆರೆಯಿತು. ಪಾಶ್ಚಾತ್ಯ ತತ್ತ್ವಶಾಸ್ತ್ರವು ಯಾವ ಮಾತನ್ನೂ ಪ್ರಮಾಣವಿಲ್ಲದೆ ಒಪ್ಪುವುದಿಲ್ಲ. ಪ್ರತಿಯೊಂದು ನಂಬಿಕೆಯನ್ನೂ ಏಕೆಂದು ಕೇಳುತ್ತದೆ. ಜಮಖಂಡಿಯಲ್ಲಿ ಪಡೆದ ಶ್ರದ್ಧೆಯನ್ನು ಪುಣೆಯಲ್ಲಿ ಕಲಿತ ತರ್ಕದ ಮುಂದೆ ನಿಲ್ಲಿಸಬೇಕಾದ ಸಂದರ್ಭ ಒದಗಿತು. ಇಂಥ ಸಂದರ್ಭದಲ್ಲಿ ಕೆಲವರು ಶ್ರದ್ಧೆಯನ್ನು ಕೈಬಿಡುತ್ತಾರೆ. ಕೆಲವರು ತರ್ಕಕ್ಕೆ ಬೆನ್ನು ತಿರುಗಿಸುತ್ತಾರೆ. ರಾನಡೆಯವರು ಎರಡನ್ನೂ ಉಳಿಸಿಕೊಂಡರು. ಹಾಗೆ ಉಳಿಸಿಕೊಳ್ಳುವುದು ಸುಲಭದ ಕೆಲಸವಾಗಿರಲಿಲ್ಲ.

1907ರಲ್ಲಿ ಅವರು ಬಿ.ಎ. ಪದವಿಯನ್ನು ಪಡೆದರು. ಮುಂದೆ ಕೆಲವೇ ದಿನಗಳಲ್ಲಿ ಅವರ ಆರೋಗ್ಯವು ತೀವ್ರವಾಗಿ ಕೆಟ್ಟಿತು. ಎರಡು ವರ್ಷಗಳಲ್ಲಿ ಮುಗಿಯಬೇಕಾಗಿದ್ದ ಎಂ.ಎ. ವ್ಯಾಸಂಗವು ಮುಗಿಯಲು ಏಳು ವರ್ಷಗಳು ಹಿಡಿದವು. ಇಪ್ಪತ್ತರ ಹರೆಯದ ಪ್ರತಿಭಾವಂತ ತರುಣನ ಪಾಲಿಗೆ ಇದು ಎಂಥ ಪರೀಕ್ಷೆಯಾಗಿರಬೇಕೆಂಬುದನ್ನು ಊಹಿಸಿಕೊಳ್ಳಬಹುದು. ಸಹಪಾಠಿಗಳು ಮುಂದೆ ಸಾಗಿದರು. ತಾನು ಮಾತ್ರ ಹಾಸಿಗೆ ಹಿಡಿಯಬೇಕಾಯಿತು. ಬಾಳಿಗೆ ಅರ್ಥವೇನೆಂಬ ಪ್ರಶ್ನೆಯು ಅಲ್ಲಿಯವರೆಗೆ ಗ್ರಂಥಗಳ ಪ್ರಶ್ನೆಯಾಗಿತ್ತು. ಈಗ ಅದು ಅವರ ಸ್ವಂತ ಪ್ರಶ್ನೆಯಾಯಿತು. ವಿದ್ಯೆಯಿಂದ ದೊರೆತ ಬಲವು ದೇಹದ ನೋವಿನ ಮುಂದೆ ಸಾಲದಾದಾಗ, ಬಾಲ್ಯದಲ್ಲಿ ಪಡೆದ ನಾಮಸ್ಮರಣೆಯನ್ನು ಅವರು ಹೊಸ ನಿಷ್ಠೆಯಿಂದ ಹಿಡಿದರು. ಪರೀಕ್ಷೆಯ ಯಶಸ್ಸಿಗೆಂದು ಆರಂಭವಾದುದು ಈಗ ಜೀವನದ ಆಧಾರವಾಯಿತು.

1914ರಲ್ಲಿ ರಾನಡೆಯವರು ತತ್ತ್ವಶಾಸ್ತ್ರದಲ್ಲಿ ಎಂ.ಎ. ಪದವಿಯನ್ನು ಪ್ರಥಮ ದರ್ಜೆಯಲ್ಲಿ ಪಡೆದರು. ಅವರ ಪಾಂಡಿತ್ಯಕ್ಕೆ ಮನ್ನಣೆಯಾಗಿ ಪದಕವೂ ದೊರೆಯಿತು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅವರು ಪ್ರಾಧ್ಯಾಪಕರಾದರು. ಆ ಕಾಲೇಜನ್ನು ನಡೆಸುತ್ತಿದ್ದ ಡೆಕ್ಕನ್ ಎಜ್ಯುಕೇಶನ್ ಸೊಸೈಟಿಯ ಆಜೀವ ಸದಸ್ಯರು ಅಲ್ಪ ವೇತನವನ್ನು ಪಡೆದು ವಿದ್ಯಾದಾನ ಮಾಡುವ ವ್ರತವನ್ನು ಕೈಕೊಂಡವರು. ರಾನಡೆಯವರು ಆ ಬಳಗದಲ್ಲಿ ಒಬ್ಬರಾಗಿ ಸುಮಾರು ಹತ್ತು ವರ್ಷ ದುಡಿದರು.

ಈ ಅವಧಿಯಲ್ಲಿ ಅವರು ಪ್ರಾಚೀನ ಗ್ರೀಸಿನ ತತ್ತ್ವಜ್ಞಾನವನ್ನು ಆಳವಾಗಿ ಅಭ್ಯಾಸ ಮಾಡಿ ಅದರ ಬಗ್ಗೆ ಪ್ರಬಂಧಗಳನ್ನು ಬರೆದರು. ಕ್ರಿಸ್ತಪೂರ್ವ 500ರ ಸುಮಾರಿನಲ್ಲಿ ಬಾಳಿದ ಹೆರಾಕ್ಲೈಟಸನು ಜಗತ್ತಿನಲ್ಲಿ ಎಲ್ಲವೂ ನದಿಯ ನೀರಿನಂತೆ ಹರಿಯುತ್ತಲೇ ಇರುತ್ತದೆ ಎಂದು ಕಂಡವನು. ಪಾರ್ಮೆನಿಡೀಸನು ಇದಕ್ಕೆ ವಿರುದ್ಧವಾಗಿ, ನಿಜವಾಗಿ ಇರುವುದು ಎಂದೂ ಬದಲಾಗದು ಎಂದು ವಾದಿಸಿದವನು. ಬದಲಾವಣೆ ನಿಜವೆ, ಸ್ಥಿರತೆ ನಿಜವೆ ಎಂಬ ಈ ಚರ್ಚೆಯು ಭಾರತದಲ್ಲಿಯೂ ನಡೆದಿತ್ತು. ಬೌದ್ಧರು ಎಲ್ಲವೂ ಕ್ಷಣಿಕವೆಂದರು. ವೇದಾಂತಿಗಳು ಬದಲಾಗದ ಆತ್ಮವನ್ನು ಹೇಳಿದರು. ಪರಸ್ಪರ ದೂರವಾದ ಎರಡು ದೇಶಗಳ ಜನರು ಒಂದೇ ಪ್ರಶ್ನೆಯನ್ನು ಎದುರಿಸಿದ ರೀತಿಯು ರಾನಡೆಯವರ ಮನಸ್ಸನ್ನು ಸೆಳೆಯಿತು. ಜೀವನದ ಗೂಢವನ್ನು ಅರಿಯುವ ಹಂಬಲವು ಒಂದು ದೇಶದ ಅಥವಾ ಒಂದು ಮತದ ಸೊತ್ತಲ್ಲ, ಅದು ಮನುಷ್ಯಜಾತಿಗೆ ಸೇರಿದ್ದು ಎಂಬ ದೃಷ್ಟಿಯು ಅವರಲ್ಲಿ ಬಲವಾಯಿತು.

1924ರಲ್ಲಿ ಅನಾರೋಗ್ಯದ ಕಾರಣದಿಂದ ಅವರು ಫರ್ಗ್ಯುಸನ್ ಕಾಲೇಜನ್ನು ಬಿಟ್ಟರು. ಆಗ ಅವರ ವಯಸ್ಸು ಮೂವತ್ತೆಂಟು. ಸೊಲ್ಲಾಪುರ ಮತ್ತು ವಿಜಯಪುರಗಳ ನಡುವಣ ರೈಲುಮಾರ್ಗದಲ್ಲಿ ನಿಂಬಾಳ ಎಂಬ ಚಿಕ್ಕ ನಿಲ್ದಾಣವಿದೆ. ಸುತ್ತಲೂ ಬಯಲು, ಮಳೆ ಕಡಿಮೆಯಾದ ಸೀಮೆ. ನಗರದ ಗದ್ದಲವಿಲ್ಲದ ಆ ಸ್ಥಳವನ್ನು ರಾನಡೆಯವರು ತಮ್ಮ ನೆಲೆಯನ್ನಾಗಿ ಆರಿಸಿಕೊಂಡು ಅಲ್ಲಿ ಆಶ್ರಮವನ್ನು ಕಟ್ಟಿದರು. ವಿದ್ವಜ್ಜೀವನದಿಂದ ಅವರು ನಿವೃತ್ತರಾದರೆಂದು ಯಾರಾದರೂ ಭಾವಿಸಿದ್ದರೆ ಅದು ತಪ್ಪಾಗುತ್ತಿತ್ತು. ಅದೇ ವರ್ಷ ಪುಣೆಯಲ್ಲಿ ತತ್ತ್ವಶಾಸ್ತ್ರ ಹಾಗೂ ಧರ್ಮಗಳ ಅಧ್ಯಯನಕ್ಕಾಗಿ ಒಂದು ಅಕಾಡೆಮಿಯು ಅವರ ಪ್ರಯತ್ನದಿಂದ ಸ್ಥಾಪನೆಯಾಯಿತು. ಎರಡು ವರ್ಷಗಳ ಬಳಿಕ ಅವರಿಗೆ ಕೀರ್ತಿ ತಂದ ಮಹಾಗ್ರಂಥವೂ ಬೆಳಕು ಕಂಡಿತು.

1926ರಲ್ಲಿ ಪ್ರಕಟವಾದ ಈ ಇಂಗ್ಲಿಷ್ ಗ್ರಂಥವು ಉಪನಿಷತ್ತುಗಳ ತತ್ತ್ವಜ್ಞಾನದ ಸಮೀಕ್ಷೆ. ಉಪನಿಷತ್ತುಗಳು ಒಬ್ಬನೇ ಬರೆದವುಗಳಲ್ಲ. ಒಂದೇ ಕಾಲದವೂ ಅಲ್ಲ. ಅವುಗಳಲ್ಲಿ ಕಥೆ, ಒಗಟು, ಉಪಮೆ, ಸಂವಾದ, ಸೂತ್ರ ಎಲ್ಲವೂ ಬೆರೆತಿವೆ. ಹಿಂದಿನ ಆಚಾರ್ಯರು ತಮ್ಮ ತಮ್ಮ ಸಿದ್ಧಾಂತಕ್ಕೆ ಅನುಗುಣವಾಗಿ ಅವುಗಳಿಗೆ ಭಾಷ್ಯ ಬರೆದಿದ್ದರು. ರಾನಡೆಯವರು ಬೇರೆ ಕ್ರಮವನ್ನು ಹಿಡಿದರು. ಅವರು ಮೊದಲು ಉಪನಿಷತ್ತುಗಳು ಯಾವ ಯಾವ ಪ್ರಶ್ನೆಗಳನ್ನು ಎತ್ತಿವೆ ಎಂಬುದನ್ನು ವಿಂಗಡಿಸಿದರು. ಜಗತ್ತು ಹೇಗೆ ಉಂಟಾಯಿತು, ಮನಸ್ಸಿನ ಸ್ವರೂಪವೇನು, ಪರಮಸತ್ಯವೆಂದರೆ ಯಾವುದು, ಒಳ್ಳೆಯ ನಡತೆ ಎಂದರೇನು, ಆತ್ಮವನ್ನು ಕಾಣುವುದು ಹೇಗೆ ಎಂದು ಏಳು ಅಧ್ಯಾಯಗಳಲ್ಲಿ ವಿಷಯವನ್ನು ಜೋಡಿಸಿದರು. ಮುಂದೆ ಪರಸ್ಪರ ವಾದ ಮಾಡಿದ ಅನೇಕ ದರ್ಶನಗಳ ಬೇರುಗಳು ಉಪನಿಷತ್ತುಗಳಲ್ಲಿಯೇ ಇವೆಯೆಂದು ತೋರಿಸಿದರು.

ಪರಮಸತ್ಯವನ್ನು ಅರಸಿದ ಋಷಿಗಳು ಮೂರು ದಾರಿಗಳಲ್ಲಿ ನಡೆದರೆಂದು ರಾನಡೆಯವರು ವಿವರಿಸುತ್ತಾರೆ. ಮೊದಲನೆಯದು ಹೊರಗಿನ ಜಗತ್ತಿನ ದಾರಿ. ನೀರು, ಬೆಂಕಿ, ಗಾಳಿ, ಆಕಾಶ ಇವುಗಳಲ್ಲಿ ಯಾವುದು ಎಲ್ಲಕ್ಕೂ ಮೂಲವೆಂದು ಹುಡುಕುವುದು. ಎರಡನೆಯದು ದೇವತೆಗಳ ದಾರಿ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಶಾಕಲ್ಯನು ದೇವತೆಗಳು ಎಷ್ಟು ಎಂದು ಮತ್ತೆ ಮತ್ತೆ ಕೇಳುತ್ತಾನೆ. ಯಾಜ್ಞವಲ್ಕ್ಯನು 3306 ಎಂದು ಆರಂಭಿಸಿ, 33ಕ್ಕೆ ಇಳಿದು, ಕೊನೆಗೆ ಒಬ್ಬನೇ ಎಂಬಲ್ಲಿಗೆ ಬಂದು ನಿಲ್ಲುತ್ತಾನೆ. ಮೂರನೆಯದು ಒಳಗಿನ ದಾರಿ. ಹೊರಗೆ ನೋಡುವ ಕಣ್ಣನ್ನು ಒಳಕ್ಕೆ ತಿರುಗಿಸಿ, ಹುಡುಕುವವನು ಯಾರೆಂದು ವಿಚಾರಿಸುವುದು. ಮೊದಲಿನ ಎರಡು ದಾರಿಗಳೂ ಈ ಮೂರನೆಯದರಲ್ಲಿ ಬಂದು ಕೂಡುತ್ತವೆಂಬುದು ರಾನಡೆಯವರ ಅಭಿಪ್ರಾಯ.

ಈ ಒಳದಾರಿಯ ಸ್ವರೂಪವನ್ನು ತಿಳಿಯಲು ಛಾಂದೋಗ್ಯ ಉಪನಿಷತ್ತಿನ ಇಂದ್ರ ಮತ್ತು ವಿರೋಚನರ ಕಥೆಯನ್ನು ನೋಡಬಹುದು. ಮುಪ್ಪು, ಮರಣಗಳಿಲ್ಲದ ಆತ್ಮವನ್ನು ಅರಿತವನು ಎಲ್ಲವನ್ನೂ ಪಡೆಯುತ್ತಾನೆಂಬ ಪ್ರಜಾಪತಿಯ ಮಾತು ದೇವತೆಗಳ ಕಿವಿಗೂ ಅಸುರರ ಕಿವಿಗೂ ಬಿದ್ದಿತು. ದೇವತೆಗಳಲ್ಲಿ ಇಂದ್ರನೂ ಅಸುರರಲ್ಲಿ ವಿರೋಚನನೂ ಶಿಷ್ಯರಾಗಿ ಬಂದು 32 ವರ್ಷ ಕಾದರು. ಪ್ರಜಾಪತಿಯು ಅವರಿಗೆ ನೀರು ತುಂಬಿದ ಪಾತ್ರೆಯಲ್ಲಿ ತಮ್ಮ ಪ್ರತಿಬಿಂಬವನ್ನು ನೋಡಿಕೊಳ್ಳುವಂತೆ ಹೇಳಿದನು. ಕಾಣುವ ಈ ದೇಹವೇ ಆತ್ಮವೆಂದು ತಿಳಿದು ಇಬ್ಬರೂ ಸಂತೋಷದಿಂದ ಹೊರಟರು. ವಿರೋಚನನು ಅಸುರರ ಬಳಿಗೆ ಹೋಗಿ ಅದನ್ನೇ ಬೋಧಿಸಿದನು. ಇಂದ್ರನಿಗೆ ದಾರಿಯಲ್ಲಿ ಸಂಶಯ ಬಂದಿತು. ದೇಹವು ಕುರುಡಾದರೆ ಆತ್ಮವೂ ಕುರುಡಾಗಬೇಕು, ದೇಹವು ನಾಶವಾದರೆ ಆತ್ಮವೂ ನಾಶವಾಗಬೇಕು. ಹಾಗಾದರೆ ಮರಣವಿಲ್ಲದ ಆತ್ಮವೆಂದರೇನು? ಅವನು ಹಿಂದಿರುಗಿದನು. ಮತ್ತೆ 32 ವರ್ಷಗಳ ಬಳಿಕ ಕನಸಿನಲ್ಲಿ ಸಂಚರಿಸುವ ಜೀವವನ್ನು ಕುರಿತು ಉಪದೇಶ ದೊರೆಯಿತು. ಅದೂ ಅವನಿಗೆ ಸಾಲಲಿಲ್ಲ. ಮತ್ತೆ 32 ವರ್ಷಗಳಾದ ಮೇಲೆ ಗಾಢನಿದ್ರೆಯ ಸ್ಥಿತಿಯನ್ನು ಕುರಿತು ಕೇಳಿದನು. ಏನನ್ನೂ ಅರಿಯದ ನಿದ್ರೆಯಲ್ಲಿ ಸುಖವೇನಿದೆ ಎಂದು ಪುನಃ ಸಂಶಯಪಟ್ಟು ಬಂದನು. ಕೊನೆಗೆ ಇನ್ನೂ ಐದು ವರ್ಷ ಕಾದು, ಒಟ್ಟು 101 ವರ್ಷಗಳ ಬಳಿಕ ಸತ್ಯವನ್ನು ಅರಿತನು.

ಈ ಕಥೆಯಲ್ಲಿ ವಿರೋಚನನಿಗೂ ಇಂದ್ರನಿಗೂ ಇರುವ ಅಂತರವನ್ನು ಗಮನಿಸಬೇಕು. ಇಬ್ಬರಿಗೂ ದೊರೆತ ಮೊದಲ ಉಪದೇಶ ಒಂದೇ. ವಿರೋಚನನು ಮೊದಲ ಉತ್ತರದಿಂದಲೇ ತೃಪ್ತನಾದನು. ಇಂದ್ರನು ತನ್ನ ಸಂಶಯವನ್ನು ಮುಚ್ಚಿಡದೆ ಮರಳಿ ಬಂದನು. ಸಂಶಯಪಡುವುದು ಶ್ರದ್ಧೆಗೆ ವಿರೋಧವೆಂದು ನಾವು ಅನೇಕ ವೇಳೆ ಎಣಿಸುತ್ತೇವೆ. ಇಂದ್ರನ ಸಂಶಯವು ಅವನನ್ನು ಗುರುವಿನಿಂದ ದೂರ ಒಯ್ಯಲಿಲ್ಲ. ಗುರುವಿನ ಬಳಿಗೇ ಮತ್ತೆ ಮತ್ತೆ ಕರೆತಂದಿತು. ಕಾಯುವ ತಾಳ್ಮೆಯೂ ಕೇಳುವ ಧೈರ್ಯವೂ ಒಂದಾದಾಗ ಮಾತ್ರ ಅರಿವು ಬೆಳೆಯುತ್ತದೆ. ರಾನಡೆಯವರ ಬಾಳಿಗೂ ಈ ಕಥೆಗೂ ಹತ್ತಿರದ ಸಂಬಂಧವಿದೆ. ಪಾಂಡಿತ್ಯವೆಂಬ ಉತ್ತರ ದೊರೆತಾಗ ಅವರು ಅಲ್ಲಿಗೇ ನಿಲ್ಲಲಿಲ್ಲ. ಧ್ಯಾನದ ಶಾಂತಿಯನ್ನು ಕಂಡಾಗ ಪಾಂಡಿತ್ಯವನ್ನು ಬಿಡಲೂ ಇಲ್ಲ.

ಗ್ರಂಥದ ಕೀರ್ತಿಯು ಅವರನ್ನು ಮತ್ತೆ ಅಧ್ಯಾಪನಕ್ಕೆ ಕರೆಯಿತು. ಅಲಹಾಬಾದ್ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಸಂಸ್ಕೃತ ವಿದ್ವಾಂಸ ಗಂಗಾನಾಥ ಝಾ ಅವರು ರಾನಡೆಯವರನ್ನು ತತ್ತ್ವಶಾಸ್ತ್ರ ವಿಭಾಗಕ್ಕೆ ಆಹ್ವಾನಿಸಿದರು. ರಾನಡೆಯವರು ಆ ವಿಭಾಗದ ಮುಖ್ಯಸ್ಥರಾಗಿ ಅನೇಕ ವರ್ಷ ಸೇವೆ ಸಲ್ಲಿಸಿದರು. ಕೆಲಕಾಲ ಆ ವಿಶ್ವವಿದ್ಯಾಲಯದ ಉಪಕುಲಪತಿಗಳೂ ಆಗಿದ್ದರು. 1946ರಲ್ಲಿ ನಿವೃತ್ತರಾದರು. ಗಂಗೆಯ ತೀರದಲ್ಲಿ ಅಧ್ಯಾಪನ, ರಜೆಯ ದಿನಗಳಲ್ಲಿ ನಿಂಬಾಳದಲ್ಲಿ ಸಾಧನೆ, ಹೀಗೆ ಅವರ ಕಾಲವು ಸಾಗಿತು. ಅಧಿಕಾರದ ಪದವಿಯು ಅವರ ದಿನಚರಿಯನ್ನು ಬದಲಿಸಲಿಲ್ಲ. ಅವರ ದೇಹವು ಕೃಶ, ಆಹಾರವು ಮಿತ. ದಿನದ ಬಹುಭಾಗವು ಧ್ಯಾನಕ್ಕೆ ಮೀಸಲು.

1933ರಲ್ಲಿ ಅವರ ಮತ್ತೊಂದು ಮುಖ್ಯ ಗ್ರಂಥವು ಹೊರಬಂದಿತು. ಅದು ಮಹಾರಾಷ್ಟ್ರದ ಸಂತರ ಅನುಭಾವವನ್ನು ಕುರಿತದ್ದು. ಉಪನಿಷತ್ತುಗಳ ಋಷಿಗಳು ಕಂಡ ಸತ್ಯವನ್ನು ಶತಮಾನಗಳ ಅನಂತರ ಜನಸಾಮಾನ್ಯರ ಭಾಷೆಯಲ್ಲಿ ಹೇಳಿದವರು ಸಂತರು. ದರ್ಜಿಯ ಕುಲದ ನಾಮದೇವ, ಅಂಗಡಿ ಇಟ್ಟುಕೊಂಡಿದ್ದ ತುಕಾರಾಮ ಮೊದಲಾದವರು ಗ್ರಂಥಗಳ ಪಾಂಡಿತ್ಯವನ್ನು ನೆಚ್ಚಿದವರಲ್ಲ. ರಾನಡೆಯವರು ಈ ಸಂತರನ್ನು ತತ್ತ್ವಜ್ಞಾನಿಗಳ ಸಾಲಿನಲ್ಲಿ ಗೌರವದಿಂದ ಕೂರಿಸಿದರು. ಜ್ಞಾನೇಶ್ವರರಲ್ಲಿ ಬುದ್ಧಿಪ್ರಧಾನವಾದ ಅನುಭಾವವನ್ನು ಕಂಡರು. ನಾಮದೇವ ಮತ್ತು ಅವರ ಸಂಗಡಿಗರಲ್ಲಿ ಎಲ್ಲ ಕುಲದವರಿಗೂ ಬಾಗಿಲು ತೆರೆದ ಅನುಭಾವವನ್ನು ಕಂಡರು. ಏಕನಾಥರಲ್ಲಿ ಸಂಸಾರ ಹಾಗೂ ಪರಮಾರ್ಥಗಳ ಸಮನ್ವಯವನ್ನೂ, ತುಕಾರಾಮರಲ್ಲಿ ವ್ಯಕ್ತಿಹೃದಯದ ಮೊರೆಯನ್ನೂ, ರಾಮದಾಸರಲ್ಲಿ ಕರ್ಮಶೀಲತೆಯನ್ನೂ ಗುರುತಿಸಿದರು. ದಾರಿಗಳು ಬೇರೆ, ಸ್ವಭಾವಗಳು ಬೇರೆ, ಸೇರಿದ ಊರು ಒಂದೇ.

ತುಕಾರಾಮರ ಬಾಳನ್ನು ವಿವರಿಸುವಾಗ ರಾನಡೆಯವರು ಅವರ ಸಂಕಟವನ್ನು ಮರೆಮಾಚಲಿಲ್ಲ. ಹದಿನೇಳನೆಯ ಶತಮಾನದ ಘೋರ ಬರಗಾಲದಲ್ಲಿ ತುಕಾರಾಮರು ಹೆಂಡತಿಯನ್ನೂ ಮಗನನ್ನೂ ಕಳೆದುಕೊಂಡರು, ವ್ಯಾಪಾರವೂ ಹಾಳಾಯಿತು. ದೇವರು ಇರುವನೋ ಇಲ್ಲವೋ, ಇದ್ದರೆ ತನ್ನ ಕೂಗು ಅವನಿಗೆ ಕೇಳಿಸುತ್ತಿಲ್ಲವೇಕೆ ಎಂದು ಅವರು ಪರಿತಪಿಸಿದರು. ಯೂರೋಪಿನ ಕ್ರೈಸ್ತ ಸಂತರೂ ಇಂಥ ಕತ್ತಲೆಯ ಕಾಲವನ್ನು ದಾಟಿದವರೆಂದು ರಾನಡೆಯವರು ಹೋಲಿಸಿ ತೋರಿಸಿದರು. ಸಂತನೆಂದರೆ ಹುಟ್ಟಿನಿಂದಲೇ ಸಂಶಯವಿಲ್ಲದವನು, ನೋವಿಲ್ಲದವನು ಎಂಬ ಕಲ್ಪನೆಯು ಇದರಿಂದ ದೂರವಾಗುತ್ತದೆ. ಕತ್ತಲೆಯನ್ನು ಕಂಡವನಿಗೇ ಬೆಳಕಿನ ಬೆಲೆ ತಿಳಿಯುತ್ತದೆ. ಏಳು ವರ್ಷ ವ್ಯಾಧಿಯೊಡನೆ ಸೆಣಸಿದ ಲೇಖಕರಿಗೆ ಈ ಸತ್ಯವು ಪುಸ್ತಕದಿಂದ ಮಾತ್ರ ತಿಳಿದುದಾಗಿರಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಒಬ್ಬನು ಧ್ಯಾನದಲ್ಲಿ ಬೆಳಕನ್ನು ಕಂಡೆನೆಂದು ಹೇಳಿದರೆ ಅದನ್ನು ಇತರರು ನಂಬುವುದು ಹೇಗೆ? ಅದು ಬರಿಯ ಮನಸ್ಸಿನ ಭ್ರಮೆ ಏಕಾಗಿರಬಾರದು? ರಾನಡೆಯವರು ಈ ಆಕ್ಷೇಪವನ್ನು ತಳ್ಳಿಹಾಕದೆ ಪರಿಶೀಲಿಸಿದರು. ನಿಜವಾದ ಅನುಭಾವವನ್ನು ಗುರುತಿಸಲು ಕೆಲವು ಒರೆಗಲ್ಲುಗಳನ್ನು ಮುಂದಿಟ್ಟರು. ಅಂಥ ಅನುಭವವು ಒಂದೇ ನಾಡಿಗೆ ಅಥವಾ ಒಂದೇ ಮತಕ್ಕೆ ಸೀಮಿತವಾಗಿರಬಾರದು; ಬೇರೆ ಬೇರೆ ದೇಶಕಾಲಗಳ ಸಾಧಕರ ಹೇಳಿಕೆಗಳು ಪರಸ್ಪರ ಹೊಂದಬೇಕು. ಅದು ಬುದ್ಧಿಯನ್ನು ಮಂಕುಗೊಳಿಸದೆ ಚುರುಕುಗೊಳಿಸಬೇಕು. ಅದು ಭಾವನೆಯನ್ನು ಶುದ್ಧಗೊಳಿಸಬೇಕು. ಎಲ್ಲಕ್ಕೂ ಮಿಗಿಲಾಗಿ ಸಾಧಕನ ನಡತೆಯು ಅದರಿಂದ ಉತ್ತಮಗೊಳ್ಳಬೇಕು. ಅವನ ಬಾಳು ಇತರರಿಗೆ ಉಪಕಾರವಾಗಬೇಕು. ದೇವರನ್ನು ಕಂಡೆನೆಂದು ಹೇಳುವವನು ಸುಳ್ಳಾಡುತ್ತಿದ್ದರೆ, ನೆರೆಯವನನ್ನು ಹಿಂಸಿಸುತ್ತಿದ್ದರೆ ಅವನ ಮಾತಿಗೆ ಬೆಲೆಯಿಲ್ಲ. ಈ ಒರೆಗಲ್ಲುಗಳು ಶ್ರದ್ಧಾವಂತನನ್ನು ಮೋಸದಿಂದ ಕಾಪಾಡುತ್ತವೆ. ವಿಚಾರವಂತನಿಗೆ ಪರೀಕ್ಷಿಸುವ ಅವಕಾಶವನ್ನೂ ಕೊಡುತ್ತವೆ.

ಮರಾಠಿ ಸಂತರ ಬಳಿಕ ರಾನಡೆಯವರು ಹಿಂದಿಯ ಸಂತರನ್ನು ಕುರಿತು ಬರೆದ ಗ್ರಂಥವು 1954ರಲ್ಲಿ ಪ್ರಕಟವಾಯಿತು. ಜೀವನದ ಕೊನೆಯ ಭಾಗದಲ್ಲಿ ಅವರು ಬಾಲ್ಯದಿಂದ ಕೇಳುತ್ತ ಬಂದಿದ್ದ ಕನ್ನಡ ಸಾಹಿತ್ಯದ ಕಡೆಗೆ ತಿರುಗಿದರು. ಕನ್ನಡದ ಶರಣರೂ ದಾಸರೂ ಹಾಡಿದ ಅನುಭಾವವನ್ನು ಕುರಿತು ಅವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಉಪನ್ಯಾಸಗಳನ್ನು ನೀಡಿದರು. ಅವು ಅವರು ತೀರಿಕೊಂಡ ಬಳಿಕ 1960ರಲ್ಲಿ ಇಂಗ್ಲಿಷ್ ಗ್ರಂಥವಾಗಿ ಪ್ರಕಟವಾದವು. ಹೀಗೆ ಮರಾಠಿ, ಹಿಂದಿ, ಕನ್ನಡ ಈ ಮೂರು ಭಾಷೆಗಳ ಸಂತರು ಒಬ್ಬನೇ ವಿದ್ವಾಂಸನ ಲೇಖನಿಯಿಂದ ಜಗತ್ತಿಗೆ ಪರಿಚಿತರಾದರು. ಭಾಷೆಯ ಹೆಸರಿನಲ್ಲಿ ಜನರು ದೂರವಾಗುವ ಗಡಿನಾಡಿನಲ್ಲಿ ಹುಟ್ಟಿದವರು ಭಾಷೆಗಳನ್ನು ಹತ್ತಿರ ತಂದದ್ದು ವಿಶೇಷ ಸಂಗತಿಯಾಗಿದೆ.

ರಬಕವಿ-ಬನಹಟ್ಟಿಯ ನೇಕಾರರು ಮಗ್ಗದ ಮೇಲೆ ಹಾಸನ್ನು ಮೊದಲು ಬಿಗಿದು ಕಟ್ಟುತ್ತಾರೆ. ಬಳಿಕ ಲಾಳಿಯಿಂದ ಹೊಕ್ಕನ್ನು ಹಾಯಿಸುತ್ತಾರೆ. ಹಾಸು ಮಾತ್ರ ಇದ್ದರೆ ಅದು ಬರಿಯ ಎಳೆಗಳ ಸಾಲು. ಹೊಕ್ಕು ಮಾತ್ರ ಇದ್ದರೆ ಅದು ನೂಲಿನ ಸಿಕ್ಕು. ಎರಡೂ ಕೂಡಿದಾಗ ಬಟ್ಟೆಯಾಗುತ್ತದೆ. ರಾನಡೆಯವರ ಬಾಳಿನಲ್ಲಿ ವಿಚಾರವೂ ಅನುಭವವೂ ಹೀಗೆ ಕೂಡಿದ್ದವು. ವಿಚಾರವಿಲ್ಲದ ಶ್ರದ್ಧೆ ಮೂಢನಂಬಿಕೆಯಾಗಬಹುದು. ಅನುಭವವಿಲ್ಲದ ವಿಚಾರವು ಒಣ ಚರ್ಚೆಯಾಗಬಹುದು. ಈ ಎರಡು ಅಪಾಯಗಳನ್ನೂ ಅವರು ಅರಿತಿದ್ದರು.

ನಿವೃತ್ತಿಯ ಬಳಿಕ ರಾನಡೆಯವರು ನಿಂಬಾಳದಲ್ಲಿ ನೆಲೆಸಿದರು. ಪ್ರಾಧ್ಯಾಪಕರು, ನ್ಯಾಯವಾದಿಗಳು, ಒಕ್ಕಲಿಗರು, ವ್ಯಾಪಾರಿಗಳು ಎಲ್ಲರೂ ರೈಲಿನಲ್ಲಿ ಬಂದು ಆ ಚಿಕ್ಕ ನಿಲ್ದಾಣದಲ್ಲಿ ಇಳಿಯುತ್ತಿದ್ದರು. ಭಜನೆಯಲ್ಲಿ ಅವರೆಲ್ಲ ಒಂದೇ ಚಾಪೆಯ ಮೇಲೆ ಕೂಡುತ್ತಿದ್ದರು. ಇಂಗ್ಲಿಷಿನಲ್ಲಿ ಪ್ರೌಢ ಗ್ರಂಥಗಳನ್ನು ಬರೆದವರು ಓದು ಬಾರದ ಭಕ್ತನ ಪ್ರಶ್ನೆಗೂ ಸಮಾನ ಆದರದಿಂದ ಕಿವಿಗೊಡುತ್ತಿದ್ದರು. ಜೀವನದ ಅರ್ಥವನ್ನು ಕುರಿತ ಪ್ರಶ್ನೆಯು ವಿದ್ವಾಂಸನಿಗೂ ಪಾಮರನಿಗೂ ಒಂದೇ ಎಂಬುದನ್ನು ಅವರು ತಮ್ಮ ನಡೆಯಿಂದ ತೋರಿಸಿದರು.

ಅವರು ಹಮ್ಮಿಕೊಂಡ ಎಲ್ಲ ಕಾರ್ಯಗಳೂ ಪೂರ್ಣವಾದವೆಂದು ಹೇಳುವಂತಿಲ್ಲ. ವಿದ್ವಾಂಸ ಬೇಲ್ವಲ್ಕರ್ ಅವರೊಡನೆ ಸೇರಿ ಭಾರತೀಯ ತತ್ತ್ವಶಾಸ್ತ್ರದ ಇತಿಹಾಸವನ್ನು ಅನೇಕ ಸಂಪುಟಗಳಲ್ಲಿ ಬರೆಯುವ ಯೋಜನೆಯನ್ನು ಅವರು ಕೈಕೊಂಡಿದ್ದರು. ಅದರಲ್ಲಿ ಕೆಲವು ಮಾತ್ರ ಹೊರಬಂದವು. ಮಹಾರಾಷ್ಟ್ರದ ಸಂತರನ್ನು ಕುರಿತ ಗ್ರಂಥವು ಆ ಮಾಲೆಗೆ ಸೇರಿದ್ದು. ಮಾನವನ ಆಯುಷ್ಯಕ್ಕಿಂತ ಅರಿಯಬೇಕಾದುದು ಹಿರಿದು. ಎಂಥ ಪ್ರತಿಭಾವಂತನೂ ಆ ದಾರಿಯಲ್ಲಿ ಕೆಲವು ಹೆಜ್ಜೆಗಳನ್ನು ಮಾತ್ರ ನಡೆಯಬಲ್ಲನು. ಉಳಿದ ದಾರಿಯನ್ನು ಮುಂದಿನವರು ನಡೆಯಬೇಕು.

1957ರ ಜೂನ್ 6ರಂದು ಗುರುದೇವ ರಾನಡೆಯವರು ನಿಂಬಾಳದಲ್ಲಿ ದೇಹವಿಟ್ಟರು. ಆಗ ಅವರಿಗೆ ಎಪ್ಪತ್ತೊಂದು ವರ್ಷ ತುಂಬಲು ಒಂದು ತಿಂಗಳೂ ಉಳಿದಿರಲಿಲ್ಲ. ಅವರ ಆಶ್ರಮವು ಇಂದಿಗೂ ಸಾಧಕರನ್ನು ಬರಮಾಡಿಕೊಳ್ಳುತ್ತಿದೆ. ಅವರ ಉಪನಿಷತ್ ಸಮೀಕ್ಷೆಯನ್ನು ತತ್ತ್ವಶಾಸ್ತ್ರದ ಅಭ್ಯಾಸಿಗಳು ಇಂದಿಗೂ ಓದುತ್ತಾರೆ.

ರಾನಡೆಯವರು ತಲುಪಿದ ನಿರ್ಣಯಗಳನ್ನು ಎಲ್ಲರೂ ಒಪ್ಪಲೇಬೇಕೆಂದಿಲ್ಲ. ಅವರೂ ಯಾರ ಮಾತನ್ನೂ ಪರೀಕ್ಷಿಸದೆ ಒಪ್ಪಿದವರಲ್ಲ. ಆದರೆ ಅವರು ನಡೆದ ರೀತಿಯು ಎಲ್ಲರಿಗೂ ಅನುಕರಣೀಯ. ಕಷ್ಟ ಬಂದಾಗ ಪ್ರಶ್ನೆಯನ್ನು ಬಿಟ್ಟು ಓಡದಿರುವುದು, ಮೊದಲ ಉತ್ತರಕ್ಕೇ ತೃಪ್ತರಾಗದಿರುವುದು, ಅನ್ಯ ಭಾಷೆಯವರ ಹಾಗೂ ಅನ್ಯ ಮತದವರ ಅನುಭವಕ್ಕೆ ಕಿವಿಗೊಡುವುದು, ಕಲಿತ ಮಾತನ್ನು ನಡತೆಯಲ್ಲಿ ಒರೆಹಚ್ಚುವುದು ಇವು ಅವರ ಜೀವನವು ಕಲಿಸುವ ಪಾಠಗಳು. ಬಾಳಿನ ಗೂಢವು ಒಂದೇ ದಿನದಲ್ಲಿ ಬಿಡಿಸಲಾಗದ ಗಂಟು. ಅದನ್ನು ಕತ್ತರಿಸಿ ಎಸೆಯದೆ, ತಾಳ್ಮೆಯಿಂದ ಎಳೆ ಎಳೆಯಾಗಿ ಬಿಡಿಸು ಎಂದು ಜಮಖಂಡಿಯ ಈ ತತ್ತ್ವಜ್ಞಾನಿಯ ಜೀವನವು ನಮಗೆ ಹೇಳುತ್ತದೆ.